ತುಂಬಿದ ಡ್ರಮ್ಮು ಚೆಲ್ಲಿಸಿದ ದಿನ

ನೀನು ಏನು ಕೆಲಸ ಮಾಡ್ತಿದ್ದೆ ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳ್ತೀನಿ, ಕೂಗೋ ಕೆಲಸ. ಚಿತ್ರದುರ್ಗದ ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೂಗಿದ್ದೀನಿ. ಆಟೋದ ನೆತ್ತಿ ಮೇಲೆ ಎರಡು ಹಾರ್ನು, ಕೈಯಲ್ಲಿ ಮೈಕು, ಜೇಬಲ್ಲಿ ಆಫೀಸಿನ ಚೀಟಿ. ನಾಳೆ ನೀರು ಬಿಡ್ತಾರೆ, ಭಾನುವಾರ ಪೋಲಿಯೋ ಹನಿ ಹಾಕ್ತಾರೆ, ಹಂದಿ ಹಿಡಿಯೋರು ಬರ್ತಾರೆ ಸಾಕಿದೋರು ಒಳಗೆ ಕಟ್ಕಳ್ರಿ. ಆಫೀಸಿನವರು ಇದಕ್ಕೆ ಪ್ರಚಾರ ಅಂತಾರೆ. ಜನ ನನಗೆ ಮೈಕಣ್ಣ ಅಂತಾರೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನಿಗೆ ಊರು ಕೊಟ್ಟ ದೊಡ್ಡ ಡಿಗ್ರಿ ಅದು.

ಈಗ ರಿಟೈರ್ ಆಗಿದ್ದೀನಿ. ಇದನ್ನ ಬರೆಯೋವಾಗ ಮೊಮ್ಮಗಳು ಪಕ್ಕದ ಚಾಪೆ ಮೇಲೆ ಮಲಗಿದ್ದಾಳೆ, ಬಾಯಿ ತೆರೆದುಕೊಂಡು, ಕೈ ಎರಡೂ ತಲೆ ಮೇಲಕ್ಕೆ ಎತ್ತಿಕೊಂಡು. ಗೆದ್ದೋರು ಮಲಗಿದ ಹಾಗೆ ಮಲಗ್ತಾಳೆ. ಇಷ್ಟು ಸಂತೋಷ ಇಟ್ಟುಕೊಂಡು ಸುಮ್ಮನೆ ಕೂತ್ಕೊಳ್ಳೋ ಪೈಕಿ ಅಲ್ಲ ನಾನು. ಮೊದಲಾಗಿದ್ದರೆ ಮೈಕು ಹಿಡೀತಿದ್ದೆ, ಈಗ ಪೆನ್ನು ಹಿಡಿದಿದ್ದೀನಿ. ಕೆಲಸದ ಕೊನೇ ವಾರದಲ್ಲಿ ನನ್ನ ಮಾತು ನಮ್ಮ ಬೀದಿಯಲ್ಲಿ ಸತ್ತೇ ಹೋಗಿತ್ತು. ಮೂವತ್ತು ವರ್ಷ ನಂಬಿದ ಜನ ನಂಬೋದು ಬಿಟ್ಟಿದ್ದರು. ರಿಟೈರ್ ಆಗೋಕೆ ಉಳಿದಿದ್ದು ನಾಲ್ಕು ದಿನ. ಹೋದ ಮಾತನ್ನ ವಾಪಸ್ ತಗಂಡು ಮನೆಗೆ ಹೋಗ್ತೀನೋ, ಇಲ್ಲ ಹಂಗೇ ಶಾಲು ಹೊದ್ಕಂಡು ಹೋಗ್ತೀನೋ ಅನ್ನೋದೇ ನನ್ನ ಮುಂದಿದ್ದ ಸಂಗತಿ.

ನಮ್ಮೂರಿನ ನೀರಿನ ವಿಚಾರ ಮೊದಲು ಹೇಳಬೇಕು. ನಾವಿರೋದು ಮೇಲಿನ ಬೀದಿ. ಊರಿನ ಎತ್ತರದ ಜಾಗ, ಎಂಟು ದಿನಕ್ಕೋ ಹತ್ತು ದಿನಕ್ಕೋ ಒಂದು ಸಲ ನೀರು ಹತ್ತುತ್ತೆ. ಮನೆ ಮನೆ ಮುಂದೆ ನೀಲಿ ಡ್ರಮ್ಮುಗಳು ನಿಂತಿರ್ತಾವೆ, ಕಾವಲಿಗೆ ನಿಂತೋರ ಹಾಗೆ. ನಾಳೆ ನೀರು ಅಂತ ನಾನು ಕೂಗಿದ ಕೂಡಲೆ ಹೆಂಗಸರು ಏನು ಮಾಡ್ತಾರೆ ಗೊತ್ತಾ, ಉಳಿದಿದ್ದ ಹಳೇ ನೀರನ್ನ ಪೂರ್ತಿ ಚೆಲ್ಲಿಬಿಡ್ತಾರೆ. ಎಂಟು ದಿನ ಕೂತ ನೀರಿನ ತಳದಲ್ಲಿ ಲೋಳೆ ಕಟ್ಟಿರ್ತದೆ. ಅದರ ಮೇಲೆ ಹೊಸ ನೀರು ಬಿಟ್ಟರೆ ಅದೂ ಕೆಡುತ್ತೆ. ಅದಕ್ಕೆ ಚೆಲ್ಲಿ, ತೆಂಗಿನ ನಾರು ಹಾಕಿ ತಿಕ್ಕಿ, ಡ್ರಮ್ಮು ಬೋರಲು ಹಾಕಿ ಒಣಗಿಸ್ತಾರೆ. ನಾನು ಮೈಕಿನಲ್ಲಿ ಒಂದು ಮಾತು ಅಂದರೆ ಇಡೀ ಬೀದಿ ಒಣಗಿ ನಿಲ್ಲೋದು. ನಾಳೆ ನೀರು ಬಂದರೆ ಸರಿ. ಬರದಿದ್ದರೆ ಕುಡಿಯೋಕೆ ಚೊಂಬು ನೀರೂ ಇರಲ್ಲ.

ಅದಕ್ಕೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಚೀಟಿಯಲ್ಲಿ ಏನೇ ಬರೆದಿರಲಿ, ಮೊದಲು ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕು, ಆಮೇಲೆ ಮೈಕು. ಟ್ಯಾಂಕಿನ ಗೋಡೆ ಮೇಲೆ ಅಳತೆಯ ಗೀರು ಎಳೆದವ್ರೆ, ಒಂದು ಕೆಂಪು ತಗಡು ನೀರಿನ ಮಟ್ಟಕ್ಕೆ ಸರಿಯಾಗಿ ಏರ್ತದೆ, ಇಳೀತದೆ. ತಗಡು ಅರ್ಧಕ್ಕಿಂತ ಕೆಳಗಿದ್ದರೆ ನಾನು ಕೂಗ್ತಿರಲಿಲ್ಲ. ಸಾಹೇಬರು ಬೈದರೂ ಕೂಗ್ತಿರಲಿಲ್ಲ. ಇದು ನಮ್ಮಪ್ಪನಿಂದ ಬಂದ ಪಾಠ. ಅವನು ಮದಕರಿಪುರದ ಕಡೆ ಹಳ್ಳಿಗಳಲ್ಲಿ ತಮಟೆ ಬಡಿದು ಸಾರುತ್ತಿದ್ದವನು. ದೊಡ್ಡೋರ ಬೀದಿ ಬಂದರೆ ಮೂಲೆಯಲ್ಲೇ ನಿಂತು ಸಾರಬೇಕು, ಒಳಗೆ ಕಾಲಿಡೋ ಹಾಗಿಲ್ಲ. ನಿಂತ ಜಾಗ ಅವರು ಹೇಳಿದ್ದಾದರೂ ಸಾರೋ ಮಾತು ನನ್ನದು, ಅದು ಸುಳ್ಳಾಗಬಾರದು ಅಂತಿದ್ದ. ನಾನು ಅದೇ ಮಾತನ್ನ ಆಟೋದಲ್ಲಿ ಕೂರಿಸಿಕೊಂಡು ಎಲ್ಲಾ ಬೀದಿಯ ನಟ್ಟನಡುವೆ ಹೋದೆ.

ಇನ್ನು ಆ ಕೊನೇ ವಾರದ ಮಂಗಳವಾರ. ನಮ್ಮ ಮಗಳನ್ನ ಕೊಟ್ಟಿರೋದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಗೆ. ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬೋಕೆ ಮುಂಚೆ ನೋವು ಬಂತು, ಚಿತ್ರದುರ್ಗದ ಆಸ್ಪತ್ರೆಗೆ ಕರ್ಕಂಡು ಹೋದ್ವಿ. ಕೂಸು ಅಂಗೈಯಗಲ ಇತ್ತು. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗಾಜಿನ ಆಚೆ ನಿಂತು ನೋಡೋದು, ವಾಪಸ್ ಬರೋದು. ಆ ಮೂರು ವಾರ ನಾನು ಮೈಕಿನಲ್ಲಿ ಏನೇನು ಕೂಗಿದೆನೋ ನನಗೇ ನೆನಪಿಲ್ಲ. ಆ ಮಂಗಳವಾರ ಡಾಕ್ಟರಮ್ಮ ಕರ್ಕಂಡು ಹೋಗ್ರಿ ಅಂದರು. ಕಾರಿನಲ್ಲಿ ದಾರಿ ಉದ್ದಕ್ಕೂ ನಾನೇ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಲಾರಿ ಹಾರ್ನ್ ಹೊಡೆದರೂ ಅವಳು ಕಣ್ಣು ಬಿಡಲಿಲ್ಲ. ಇವಳು ನಮ್ಮ ವಂಶದೋಳೇ, ಸದ್ದಿಗೆ ಹೆದರಲ್ಲ ಅಂದೆ. ಮಗಳು ನಗಿಸಬ್ಯಾಡಪ್ಪ, ಹೊಲಿಗೆ ನೋಯ್ತದೆ ಅಂದಳು.

ಮನೆ ಮುಟ್ಟಿ, ನನ್ನ ಹೆಂಡತಿ ಆರತಿ ಎತ್ತಿ ಒಳಗೆ ಕರ್ಕಂಡ ಸ್ವಲ್ಪ ಹೊತ್ತಿಗೆ ಆಟೋ ಬಂತು. ಓಡಿಸೋನು ಹೊಳಲ್ಕೆರೆ ಕಡೆಯವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೂಸು ಹುಟ್ಟಿದಾಗಿನಿಂದ ಬೇಕಂತಲೇ ನನ್ನ ಅಜ್ಜ ಅಂತಿದ್ದ. ಚೀಟಿ ತಂದಿದ್ದ. ನಾಳೆ ಬೆಳಿಗ್ಗೆ ಮೇಲಿನ ಬೀದಿಗೆ ನೀರು. ಟ್ಯಾಂಕಿನ ಕಡೆ ಹೋಗಾಣೇನಜ್ಜ ಅಂತ ಅವನೇ ಕೇಳಿದ. ಗುಡ್ಡ ಹತ್ತಿ ಇಳಿಯೋಕೆ ಅರ್ಧ ಗಂಟೆ. ಒಳಗೆ ಕೂಸು ಅಳ್ತಿತ್ತು, ಎತ್ತಿಕೊಳ್ಳೋ ಆಸೆ ನನ್ನ ಕಾಲು ಹಿಡಿದು ಎಳೀತಿತ್ತು. ಬ್ಯಾಡ ಬಿಡಲೇ, ಚೀಟಿ ಐತಲ್ಲ ಅಂದುಬಿಟ್ಟೆ. ಮೂವತ್ತು ವರ್ಷದಲ್ಲಿ ಅದೊಂದೇ ದಿನ ನೋಡದೆ ಕೂಗಿದ್ದು. ಅದೂ ಎಂಥಾ ಕೂಗು ಅಂತೀರಿ. ಹಬ್ಬದ ಸುದ್ದಿ ಹೇಳೋ ಹಾಗೆ ರಾಗ ಎಳೆದು ಕೂಗಿದೆ. ಇವತ್ತು ನಿನ್ನ ಬಾಯಿಗೆ ಸಕ್ಕರೆ ಹಾಕಿದೋರು ಯಾರಜ್ಜ ಅಂತ ಆಟೋದವನು ಆಡಿಕೊಂಡ.

ಚೀಟಿ ಬರೆದಿದ್ದು ಬೆಳಿಗ್ಗೆ. ಮಧ್ಯಾಹ್ನವೇ ಪಂಪಿನ ಮನೆಯಲ್ಲಿ ಮೋಟಾರ್ ಸುಟ್ಟು ಹೋಗಿತ್ತು. ಟ್ಯಾಂಕು ಬರಿದಾಗಿತ್ತು. ಒಂದು ಸಲ ಕತ್ತೆತ್ತಿ ಆ ಕೆಂಪು ತಗಡು ನೋಡಿದ್ದರೆ ತಿಳೀತಿತ್ತು.

ಬುಧವಾರ ಬೆಳಿಗ್ಗೆ ಬೀದಿ ತುಂಬ ತೊಳೆದ ಡ್ರಮ್ಮು, ನಲ್ಲಿ ಮುಂದೆ ಕೊಡ. ನಲ್ಲಿ ತಿರುಗಿಸಿದರೆ ಸುಯ್ ಅಂತ ಗಾಳಿ. ಬೈದಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲಿಲ್ಲ. ಶಾಲೆ ಹತ್ತಿರದ ಬೋರ್‌ವೆಲ್ಲಿಗೆ ಸೊಂಟದ ಮೇಲೊಂದು ಕೈಲೊಂದು ಕೊಡ ಹೊತ್ತು ನಮ್ಮ ಮನೆ ಮುಂದಿನಿಂದಲೇ ಹೋದರು, ಬಂದರು. ನನ್ನ ಕಡೆ ನೋಡಲಿಲ್ಲ. ನಮ್ಮ ಮನೆಯಲ್ಲೂ ನೀರಿಲ್ಲ. ನನ್ನ ಹೆಂಡತಿಯೂ ಡ್ರಮ್ಮು ಚೆಲ್ಲಿ ತೊಳೆದಿಟ್ಟಿದ್ದಳು. ನೀನ್ಯಾಕೆ ಚೆಲ್ಲೋಕೆ ಹೋದೆ ಅಂದರೆ, ನಾನೂ ಈ ಬೀದಿಯೋಳೇ ತಾನೆ, ನಿಮ್ಮ ಮಾತು ನಂಬಿದೆ ಅಂದಳು. ಮನೆಗೆ ಬಂದ ಕೂಸಿನ ಮೊದಲನೇ ಬಟ್ಟೆ ಒಗೆಯೋಕೆ ಆವತ್ತು ಅವಳೂ ಬೋರ್‌ವೆಲ್ಲಿಗೆ ಹೋದಳು.

ಎದುರು ಮನೆ ಮುದುಕಿ ಕೂಸು ನೋಡೋಕೆ ಬಂದಳು. ಹೂವು ಕಟ್ಟಿ ಮಾರೋಳು, ಬೀದಿಯೆಲ್ಲಾ ದೊಡ್ಡವ್ವ ಅಂತಲೇ ಕರೆಯೋದು. ಕೂಸಿನ ಕೆನ್ನೆ ಮುಟ್ಟಿ, ನೆಟಿಗೆ ಮುರಿದು, ನನ್ನ ಕಡೆ ತಿರುಗಿದಳು.

"ಮೊಮ್ಮಗಳು ಬಂದ್ಲು ಅಂತ ನಿನ್ ಕಣ್ಣಾಗೆ ನೀರು ಬಂತು. ಅದನ್ನೇ ನಲ್ಲೀಲಿ ಬರ್ತೈತೆ ಅಂದ್ಕಂಡೇನಪ್ಪ?"

ಮಗಳು, ಹೆಂಡತಿ ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಚುಚ್ಚಿತು.

ಹಿರಿಯೂರಿನಿಂದ ರಿಪೇರಿಯವರು ಬಂದು ಗುರುವಾರ ಮೋಟಾರ್ ಸರಿ ಮಾಡಿದರು. ಶುಕ್ರವಾರ ಸಂಜೆ ನೀರು ಅಂತ ಚೀಟಿ ಬಂತು. ಈ ಸಲ ಗುಡ್ಡಕ್ಕೆ ಎರಡು ಸಲ ಹೋದೆ. ಕೆಂಪು ತಗಡು ಮೇಲಿನ ಗೀರು ಮುಟ್ಟಿದ್ದನ್ನ ನೋಡಿಕೊಂಡೇ ಮೈಕು ಹಿಡಿದೆ. ಮೊದಲೆಲ್ಲಾ ನಮ್ಮ ಆಟೋ ತಿರುವು ದಾಟೋ ಮುಂಚೆಯೇ ಹಿಂದುಗಡೆ ನಾರು ತಿಕ್ಕೋ ಸದ್ದು ಶುರುವಾಗ್ತಿತ್ತು. ಅವತ್ತು ಒಂದು ಸದ್ದಿಲ್ಲ. ಒಂದು ಮನೆಯಲ್ಲಿ ಟೀವಿ ಸದ್ದು ಇನ್ನಷ್ಟು ಜೋರು ಮಾಡಿದರು. ಆಟೋದವನು ಹಿಂದೆ ತಿರುಗಿ, ಮೈಕು ಆನ್ ಐತೆ ತಾನೆ ಅಜ್ಜ ಅಂದ. ದೊಡ್ಡವ್ವ ಹೂವು ಕಟ್ಟುತ್ತಾ ತಲೆ ಎತ್ತದೆ, ಬಂದಾಗ ನೋಡಾಣ ಹೋಗಪ್ಪ ಅಂದಳು.

ಶುಕ್ರವಾರ ಸಂಜೆ ನೀರು ಬಂತು, ಜೋರಾಗೇ ಬಂತು. ಎಲ್ಲರೂ ಓಡಿಬಂದು ತುಂಬಿಕೊಂಡರು. ಭಾನುವಾರ ನಮ್ಮನೆಯಲ್ಲಿ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡಿದ್ದೆವು. ಮಾಡದಕೆರೆಯಿಂದ ಬೀಗರು, ನೆಂಟರು ಬರೋರು. ನನ್ನ ಹೆಂಡತಿ ನಾಲ್ಕು ಡ್ರಮ್ಮು, ಹಂಡೆ, ಕೊಡ, ಕೊನೆಗೆ ಕುಕ್ಕರಿಗೂ ನೀರು ಹಿಡಿದಿಟ್ಟಳು. ಹೊಸ ನೀರನ್ನ ನಾವು ಕೂಡಲೆ ಕುಡಿಯಲ್ಲ, ಬೆಳಗಿನ ತನಕ ಕೂತು ತಿಳಿಯಾಗಬೇಕು. ಆ ಪದ್ಧತಿ ಇದ್ದದ್ದಕ್ಕೇ ಬದುಕಿದ್ವಿ ಅಂತ ಆಮೇಲೆ ಅನ್ನಿಸಿತು.

ಶನಿವಾರ ನನ್ನ ಸರ್ವೀಸಿನ ಕೊನೇ ದಿನ. ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿ ಶಾಲು, ಹಾರ, ಭಾಷಣ. ಬೆಳಿಗ್ಗೆ ಇನ್ನೂ ಬಿಸಿಲೇರಿರಲಿಲ್ಲ, ನೀರು ಬಿಡೋನು ಬಾಗಿಲಿಗೆ ಬಂದ. ಒಂದ್ಸಲ ಬಾರಣ್ಣ, ನೀನು ನೋಡಬೇಕು ಅಂದ. ನಮ್ಮ ಬೀದಿ ಶುರುವಾಗೋ ಕಡೆ ಚರಂಡಿ ಐತೆ, ಅದರ ಕೆಳಗೇ ಹಳೇ ಪೈಪು ಹೋಗ್ತದೆ. ಪೈಪು ಸೀಳಿತ್ತು. ಇಷ್ಟು ದಿನ ಒಳಗೆ ನೀರಿಲ್ಲದೆ ಖಾಲಿ ಬಿದ್ದಿದ್ದಾಗ ಚರಂಡಿ ನೀರು ಸೀಳಿನಿಂದ ಒಳಗೆ ಇಳಿದಿತ್ತು. ನಿನ್ನೆ ಬಿಟ್ಟ ನೀರು ಅದನ್ನೂ ತಳ್ಳಿಕೊಂಡು ಮನೆ ಮನೆಗೆ ಹೋಗಿತ್ತು. ಬಗ್ಗಿ ಮೂಸಿದೆ. ಸಣ್ಣಗೆ ವಾಸನೆ. ಡ್ರಮ್ಮಿನಲ್ಲಿ ಕೂತರೆ ಅದೂ ಗೊತ್ತಾಗಲ್ಲ, ಕಣ್ಣಿಗೆ ನೀರು ತಿಳಿಯಾಗೇ ಕಾಣ್ತದೆ.

ಆರೋಗ್ಯದ ಮೇಡಂ ಬಂದರು. ಕೆಲಸಕ್ಕೆ ಸೇರಿ ಎರಡು ವರ್ಷ ಆದ ಹುಡುಗಿ. ಸಣ್ಣ ಶೀಸೆಯಲ್ಲಿ ನೀರು ಹಿಡಿದು ಔಷಧಿ ಹನಿ ಬಿಟ್ಟು ನೋಡಿದರು, ಮುಖ ಸಪ್ಪಗಾಯಿತು. ಆಫೀಸಿನಿಂದ ಬಂದ ಚೀಟಿಯಲ್ಲಿ ಕಾಯಿಸಿ ಆರಿಸಿ ಕುಡಿಯಿರಿ ಅಂತ ಬರೆದಿತ್ತು. ಅದನ್ನ ಅವರೇ ಹೊಡೆದು ಹಾಕಿ, ಚೆಲ್ಲಿ ಅಂತ ಬರೆದರು. ಇದು ಕಾಯಿಸೋ ನೀರಲ್ಲ, ಚೆಲ್ಲಿಸಬೇಕು, ಮಧ್ಯಾಹ್ನ ಟ್ಯಾಂಕರ್ ಕಳಿಸೋಕೆ ಹೇಳ್ತೀನಿ ಅಂದರು. ಆಮೇಲೆ ನನ್ನ ಮುಖ ನೋಡಿದರು.

"ಚೆಲ್ತಾರಾ?"

ಅದಕ್ಕೆ ಹಿಂದಿನ ವಾರ ಆಗಿದ್ದರೆ ನಾನು ಮೀಸೆ ತಿರುವಿ ಉತ್ತರ ಕೊಡ್ತಿದ್ದೆ. ಈಗ ಯೋಚನೆ ಮಾಡಿದೆ. ಮಂಗಳವಾರ ನನ್ನ ಮಾತು ಕೇಳಿ ಇದ್ದ ನೀರು ಚೆಲ್ಲಿ ಬುಧವಾರ ಬಾಯಾರಿದ ಜನ. ಮೂರೇ ದಿನಕ್ಕೆ ಅವರ ಬಾಗಿಲಿಗೆ ಹೋಗಿ, ಕಂಠದ ತನಕ ತುಂಬಿಸಿಕೊಂಡಿರೋ ಡ್ರಮ್ಮು ಚೆಲ್ಲಿ ಅನ್ನಬೇಕು. ಇವನಿಗೆ ತಲೆ ಕೆಟ್ಟೈತೆ ಅಂತ ಬಾಗಿಲು ಹಾಕ್ಕಂಡರೆ, ತಿಂಡಿಗೆ ಕೂತ ಮಕ್ಕಳು ಆ ನೀರು ಕುಡೀತಾವೆ. ಬೀದಿಯಲ್ಲಿ ನಮ್ಮ ಕೂಸಿನಂಥವು ಇನ್ನೂ ಎರಡು ಇದ್ದವು. ಚೆಲ್ಲಿಸ್ತೀನಿ ಮೇಡಂ ಅಂದೆ. ಹೆಂಗೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ನನ್ನಿಂದಾಗದಿದ್ದರೆ ಬೇರೆ ಯಾರಿಂದಲೂ ಆಗಲ್ಲ ಅನ್ನೋದು ಗೊತ್ತಿತ್ತು.

ಬೀದಿ ಬಾಯಿಂದ ಶುರು ಮಾಡಿದೆ. ಸಾರ್ವಜನಿಕರಲ್ಲಿ ವಿನಂತಿ ಅಂತ ಚೀಟಿಯ ಮಾತನ್ನೇ ಎರಡು ಸಲ ಕೂಗಿದೆ. ಜನ ಬಾಗಿಲಿಗೆ ಬಂದು ನಿಂತರು, ಡ್ರಮ್ಮಿನ ಮೇಲೆ ಕೈ ಇಟ್ಟುಕೊಂಡು. ಯಾರೋ ಒಬ್ಬ, ಮೊನ್ನೆ ಖಾಲಿ ಮಾಡಿಸಿದ್ದು ಸಾಲಲಿಲ್ಲವೇನೋ ಅಂದ. ಒಂದು ಡ್ರಮ್ಮೂ ಅಲುಗಲಿಲ್ಲ. ಆಟೋ ನಮ್ಮ ಮನೆ ಹತ್ತಿರ ಬಂದಾಗ ನಿಲ್ಲಿಸಪ್ಪ ಅಂದೆ. ಚೀಟಿ ಮಡಚಿ ಜೇಬಿಗೆ ಹಾಕಿದೆ. ಮೂವತ್ತು ವರ್ಷದಲ್ಲಿ ನಾನು ಮೈಕಿನಲ್ಲಿ ಒಂದು ಸಲವೂ ನಾನು ಅಂದವನಲ್ಲ. ಪುರಸಭೆ ಅಂತಿದ್ದೆ, ಸಾರ್ವಜನಿಕರು ಅಂತಿದ್ದೆ. ಅವತ್ತು ಅಂದೆ.

"ನಾನು ಮಾತಾಡ್ತಿರೋದು ಕಣ್ರಪ್ಪ. ಮಂಗಳವಾರ ನಾನು ಟ್ಯಾಂಕ್ ನೋಡ್ದೆ ಕೂಗಿದೆ. ತಪ್ಪು ನಂದು. ಇವತ್ತು ನೋಡಿ ಬಂದೀನಿ, ಮೂಸಿ ಬಂದೀನಿ. ನಿನ್ನೆ ನೀರಿಗೆ ಚರಂಡಿ ಸೇರೈತೆ. ಚೆಲ್ರಿ."

ದೊಡ್ಡವ್ವ ಎದುರು ಮನೆಯ ಕಟ್ಟೆಯಿಂದ ಎದ್ದು ನಿಂತಳು. ನಾಳೆ ನಿಮ್ಮನೆಯಲ್ಲಿ ತೊಟ್ಟಿಲು ಐತಲ್ಲ, ನಿನ್ನ ಡ್ರಮ್ಮು ಏನು ಮಾಡ್ತೀಯ ಅಂತ ಕೇಳಿದಳು. ನಾನು ಬಾಯಿ ತೆರೆಯೋ ಮುಂಚೆ ಧಡ್ ಅಂತ ಸದ್ದಾಯಿತು. ನನ್ನ ಹೆಂಡತಿ ನಮ್ಮ ಬಾಗಿಲ ಪಕ್ಕದ ಡ್ರಮ್ಮನ್ನ ಒಬ್ಬಳೇ ಒರಗಿಸಿ ಉರುಳಿಸಿದ್ದಳು. ನೀರು ಆಟೋದ ಗಾಲಿ ಕೆಳಗೆ ಹರಿದು ರಸ್ತೆಗೆ ಬಂತು. ಎರಡನೇ ಡ್ರಮ್ಮು ದೊಡ್ಡದು, ಅವಳ ಕೈಲಾಗಲಿಲ್ಲ. ನಾನು ಓಡಿಹೋದೆ, ಮೈಕು ಹೆಗಲ ಮೇಲೇ ಇತ್ತು, ವೈರು ಹಿಂದೆ ಎಳೀತಿತ್ತು. ಆಫ್ ಮಾಡೋಕೆ ಮರೆತಿದ್ದೆ. ಮುಂದಿನ ಮಾತೆಲ್ಲಾ ಎರಡೂ ಹಾರ್ನಿನಲ್ಲಿ ಇಡೀ ಬೀದಿ ಕೇಳಿಸಿಕೊಂಡಿತು.

"ನಾಳೆ ಬೀಗರಿಗೆ ಏನ್ ಕುಡಿಯಾಕ್ ಕೊಡ್ತೀರಿ, ನಿಮ್ ಶಾಲು ಹಿಂಡಿ ಕೊಡ್ತೀರೇನು?"

"ಟ್ಯಾಂಕರ್ ಬರ್ತದಂತೆ ಕಣೇ."

"ನೀವು ನೋಡಿದ್ರೇನು?"

"ಇಲ್ಲ."

"ಹಂಗಾದ್ರೆ ಬರ್ತದೆ ಅನ್ನಬ್ಯಾಡ್ರಿ. ಒಂದ್ಸಲ ಅಂದಿದ್ದಕ್ಕೆ ಊರೆಲ್ಲ ಬೋರ್‌ವೆಲ್ ನೀರು ಹೊತ್ತೈತೆ. ಆ ಕಡೆ ಹಿಡೀರಿ, ಬೆನ್ನು ನೋಯ್ತದೆ ಅಂತ ಆಮೇಲೆ ಹೇಳಬ್ಯಾಡ್ರಿ."

ಎರಡನೇ ಡ್ರಮ್ಮೂ ಉರುಳಿತು. ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಮನೆಯಿಂದ ಮನೆಗೆ ಹೋಯಿತು. ಆಗಲೇ ನನಗೆ ಮೈಕಿನ ನೆನಪಾಗಿದ್ದು. ಆಟೋದವನು ಸ್ಟೇರಿಂಗ್ ಮೇಲೆ ತಲೆ ಇಟ್ಟುಕೊಂಡು ನಗ್ತಿದ್ದ. ಇನ್ನು ಮುಚ್ಚಿಡೋಕೆ ಏನೂ ಇರಲಿಲ್ಲ. ಟ್ಯಾಂಕರ್ ಕಳಿಸ್ತೀವಿ ಅಂತ ಆಫೀಸಿನೋರು ಹೇಳಿದ್ದಾರೆ, ನಾನಿನ್ನೂ ನೋಡಿಲ್ಲ, ನೋಡಿದ ಮೇಲೆ ಬಂದು ಕೂಗ್ತೀನಿ, ಅಲ್ಲಿ ತನಕ ಬೋರ್‌ವೆಲ್ ನೀರು ತಂದ್ಕಳ್ರಿ ಅಂತ ಮೈಕಿನಲ್ಲೇ ಹೇಳಿದೆ.

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಗಳಿಗೆ ತನ್ನ ಡ್ರಮ್ಮನ್ನ ನೋಡಿದಳು, ನನ್ನ ನೋಡಿದಳು. ನೋಡದಿರೋದನ್ನ ನೋಡಿಲ್ಲ ಅಂದ, ಹಂಗಾದ್ರೆ ನೋಡಿದ್ದು ನಿಜ ಇರಬೇಕು ಅಂತ ಪಕ್ಕದವಳಿಗೆ ಹೇಳಿ, ನನ್ನ ಆಟೋದವನನ್ನೇ ಕರೆದಳು, ಬಾರಲೇ, ಹಲ್ಲು ಬಿಟ್ಟಿದ್ದು ಸಾಕು, ಇದನ್ನ ಉರುಳಿಸು. ಅವಳ ಡ್ರಮ್ಮು ಬಿದ್ದದ್ದೇ ತಡ, ಆಚೆ ಮನೆ, ಅದರಾಚೆ ಮನೆ. ಇಳಿಜಾರಿನ ಬೀದಿ ನಮ್ಮದು. ಮೇಲಿನವರ ನೀರು ಕೆಳಗಿನವರ ಅಂಗಳ ಮುಟ್ಟೋ ಹೊತ್ತಿಗೆ ಅವರೂ ಚೆಲ್ಲಿದ್ದರು. ನಾನು ಕೊನೇ ಮನೆ ತನಕ ನಡೆದು ಹೋಗಿ ಎಣಿಸಿಕೊಂಡು ಬಂದೆ. ಒಂದೂ ಉಳಿದಿರಲಿಲ್ಲ. ಪ್ಯಾಂಟು ಮೊಣಕಾಲ ತನಕ ನೆಂದಿತ್ತು, ಎದೆ ಮಾತ್ರ ಇಷ್ಟು ಅಗಲ ಆಗಿತ್ತು.

ಮಧ್ಯಾಹ್ನದ ಊಟ ಬಿಟ್ಟು ಕೆಳಗಿನ ಬಡಾವಣೆಗೆ ಹೋಗಿ ಟ್ಯಾಂಕರ್ ತುಂಬೋ ಜಾಗದಲ್ಲೇ ನಿಂತೆ. ಪೈಪು ಹಾಕೋದು ನೋಡಿದೆ, ತುಂಬೋದು ನೋಡಿದೆ, ಬೊಗಸೆಯಲ್ಲಿ ಹಿಡಿದು ಕುಡಿದೂ ನೋಡಿದೆ. ಆಮೇಲೆ ಆಟೋ ಮುಂದೆ, ಟ್ಯಾಂಕರ್ ಹಿಂದೆ. ಆಫೀಸಿನಿಂದ ನಾಲ್ಕು ಸಲ ಫೋನು ಬಂತು, ಸಾಹೇಬರು ಹಾರ ಹಿಡ್ಕಂಡು ಕೂತವ್ರೆ ಅಂತ. ಕೂತಿರಲಿ ಅಂದೆ. ನಮ್ಮ ಬೀದಿಯಲ್ಲಿ ಕೊಟ್ಟ ಕೊನೇ ಕೂಗು ಬಹಳ ಚಿಕ್ಕದು, ಟ್ಯಾಂಕರ್ ನೋಡಿದೆ, ಬಂತು, ಬರ್ರಿ ಅಂತ. ಬಾಗಿಲು ಬಾಗಿಲಿನಿಂದ ಕೊಡ ಹಿಡಿದು ಬಂದರು. ಆಫೀಸಿಗೆ ಹೋಗೋ ಹೊತ್ತಿಗೆ ಐದೂವರೆ. ಒದ್ದೆ ಅಂಗಿ ಮೇಲೇ ಶಾಲು ಹೊದಿಸಿದರು. ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಇವತ್ತಿಂದು ಆಡಿ ಬಂದೀನಿ ಸಾಹೇಬ್ರೆ ಅಂತ ಹೇಳಿ ಕೂತ್ಕೊಂಡೆ.

ಭಾನುವಾರ ಮಾಡದಕೆರೆಯವರು ಎರಡು ಗಾಡಿ ತುಂಬ ಬಂದರು. ಹೊಸದುರ್ಗದಲ್ಲಿ ಮಾಡಿಸಿದ ತೊಟ್ಟಿಲು ತಂದಿದ್ದರು. ಅಳಿಯನ ಅಕ್ಕ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಐದು ಜನ ಹೆಸರಿಟ್ಟವಳ ಬೆನ್ನಿಗೆ ಶಾಸ್ತ್ರಕ್ಕೆ ಗುದ್ದಿದರು, ಕೂಸು ಒಂದು ಸಲ ಜೋರಾಗಿ ಕೂಗಿ ಸುಮ್ಮನಾಯಿತು. ಇಡೀ ಬೀದಿ ನಮ್ಮನೆಯಲ್ಲೇ ಇತ್ತು. ಬೀಗಿತ್ತಿ ಊಟಕ್ಕೆ ಕೂತು ಕಿಟಕಿಯಿಂದ ಆಚೆ ನೋಡಿದರು. ಬ್ಲೀಚಿಂಗ್ ಹಾಕಿ ತೊಳೆದ ಡ್ರಮ್ಮುಗಳು ಬೀದಿ ಉದ್ದಕ್ಕೂ ಬೋರಲು ಬಿದ್ದಿದ್ದವು. ಇದೇನ್ರಿ, ನಿಮ್ಮ ಬೀದಿಗೆ ನೀರೇ ಬಂದಿಲ್ವಾ ಅಂತ ಪಕ್ಕದಲ್ಲಿ ಕೂತ ದೊಡ್ಡವ್ವನ್ನ ಕೇಳಿದರು.

"ಬಂದಿದ್ವು. ತುಂಬಿದ್ವಿ, ಚೆಲ್ಲಿದ್ವಿ."

"ಅಯ್ಯೋ, ತುಂಬಿದ ನೀರು ಯಾರಾದ್ರೂ ಚೆಲ್ತಾರೇನ್ರಿ?"

ನಾನು ಹೋಳಿಗೆ ಬಡಿಸ್ತಾ ಅಲ್ಲೇ ನಿಂತಿದ್ದೆ. ದೊಡ್ಡವ್ವ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. ಇವನು ಹೇಳಿದ ಅಂದಳು. ಅಷ್ಟು ಹೇಳಿ, ಇನ್ನೊಂದು ಹಾಕಪ್ಪ, ತುಪ್ಪ ಜಾಸ್ತಿ ಇರಲಿ ಅಂತ ಎಲೆ ಮುಂದಕ್ಕೆ ಸರಿಸಿದಳು.